ಎರಡು ಪಂಪ್, ಒಬ್ಬನೇ ಫಿಟ್ಟರ್: ಬ್ಲಾಕ್ ಡಯಾಗ್ರಮ್ ಲೆಕ್ಕಕ್ಕೂ ಮಾರ್ಕೋವ್ ಲೆಕ್ಕಕ್ಕೂ ಯಾಕೆ ತಾಳೆಯಾಗುತ್ತಿಲ್ಲ?

ನೀವು ಕೇಳಿದ್ದು ಇಷ್ಟು: ಒಂದೇ ಥರದ ಎರಡು ಪಂಪ್ ಸದಾ ಓಡುತ್ತವೆ, ಒಂದಿದ್ದರೂ ಕೆಲಸ ಸಾಗುತ್ತದೆ. ಪ್ರತಿಯೊಂದೂ ಸರಾಸರಿ 2000 ಗಂಟೆಗೊಮ್ಮೆ ಕೆಡುತ್ತದೆ, ರಿಪೇರಿಗೆ 8 ಗಂಟೆ. ಎರಡೂ ನಿಂತಿರುವ ಹೊತ್ತು ಬ್ಲಾಕ್ ಡಯಾಗ್ರಮ್ (ಪ್ರತಿ ಪಂಪನ್ನೂ ಒಂದು ಚೌಕವಾಗಿ ಬರೆದು ಸಂಭವನೀಯತೆಗಳನ್ನು ಗುಣಿಸುವ ವಿಧಾನ) ಪ್ರಕಾರ ವರ್ಷಕ್ಕೆ 8.3 ನಿಮಿಷ, ಪೈಥಾನ್‌ನಲ್ಲಿ ಬರೆದ ಮಾರ್ಕೋವ್ ಮಾದರಿಯಲ್ಲಿ (ವ್ಯವಸ್ಥೆಯ ಸ್ಥಿತಿಗಳನ್ನು ಬರೆದು, ಒಂದರಿಂದ ಇನ್ನೊಂದಕ್ಕೆ ಹೋಗುವ ದರಗಳನ್ನು ಬಾಣಗಳಾಗಿ ತೋರಿಸುವ ವಿಧಾನ) 16.7 ನಿಮಿಷ. ತಪ್ಪು ಎಲ್ಲಿ?

ಕೋಡ್‌ನಲ್ಲಿ ತಪ್ಪಿಲ್ಲ. ಬ್ಲಾಕ್ ಡಯಾಗ್ರಮ್‌ನಲ್ಲಿ ಎರಡು ಸಂಭವನೀಯತೆಗಳನ್ನು ಗುಣಿಸಿದಿರಲ್ಲ, ಆಗಲೇ ಪ್ರತಿ ಪಂಪ್‌ಗೂ ಒಬ್ಬೊಬ್ಬ ಫಿಟ್ಟರ್ ಇದ್ದಾನೆ ಎಂದು ಒಪ್ಪಿಕೊಂಡ ಹಾಗಾಯಿತು. ಮಾರ್ಕೋವ್ ಚಿತ್ರದಲ್ಲಿ ನೀವು ಇಟ್ಟಿರುವುದು ಒಬ್ಬನನ್ನೇ. ಎರಡನೇ ಪಂಪ್ ಅವನಿಗಾಗಿ ಕಾಯಬೇಕು. 0ಯಿಂದ (ಎರಡೂ ನಿಂತ ಸ್ಥಿತಿ) 1ಕ್ಕೆ (ಒಂದು ಓಡುವ ಸ್ಥಿತಿ) ಹೋಗುವ ಬಾಣದ ದರವನ್ನು 0.125ರಿಂದ (ಒಬ್ಬ ಫಿಟ್ಟರ್, ಅಂದರೆ ಗಂಟೆಗೆ 1/8) 0.25ಕ್ಕೆ (ಇಬ್ಬರು) ಏರಿಸಿ ನೋಡಿ, 8.3 ನಿಮಿಷವೇ ಬರುತ್ತದೆ. ನಿಮ್ಮಲ್ಲಿ ನಿಜಕ್ಕೂ ಒಬ್ಬನೇ ಫಿಟ್ಟರ್ ಇದ್ದರೆ 16.7 ಸರಿ.

ಈ ದರಗಳನ್ನು 2, 1, 0 ಸ್ಥಿತಿಗಳ ಕ್ರಮದಲ್ಲಿ ಸಾಲು-ಕಂಬಗಳಾಗಿ ಜೋಡಿಸಿದ ಮ್ಯಾಟ್ರಿಕ್ಸ್ ಒಮ್ಮೆ ತಾಳೆ ನೋಡಿಕೊಳ್ಳಿ. ಸ್ಥಿತಿಯ ಹೆಸರು ಎಂದರೆ ಓಡುತ್ತಿರುವ ಪಂಪ್‌ಗಳ ಸಂಖ್ಯೆ. 2ರಿಂದ 1ಕ್ಕೆ ಗಂಟೆಗೆ 0.001 (ಎರಡರಲ್ಲಿ ಯಾವುದಾದರೂ ಕೆಡಬಹುದು, ಆದ್ದರಿಂದ ದುಪ್ಪಟ್ಟು), 1ರಿಂದ 0ಗೆ 0.0005, ಹಿಂದಿರುಗುವ ಎರಡೂ ಬಾಣ 0.125. ಕರ್ಣದಲ್ಲಿ ಆಯಾ ಸಾಲಿನ ಉಳಿದ ದರಗಳ ಮೊತ್ತದ ಋಣ ಬೆಲೆ. ಪ್ರತಿ ಸಾಲೂ ಕೂಡಿದರೆ ಸೊನ್ನೆ ಬರದಿದ್ದರೆ ಪ್ರೋಗ್ರಾಂ ಅಲ್ಲೇ ನಿಲ್ಲುವಂತೆ ಬರೆಯಿರಿ. ಈ ಮ್ಯಾಟ್ರಿಕ್ಸ್ ಸಿಂಗ್ಯುಲರ್ (ಸಾಲುಗಳು ಒಂದರ ಮೇಲೊಂದು ಅವಲಂಬಿತ, ಒಂದೇ ಉತ್ತರ ಸಿಗದು), ನೇರ ಬಿಡಿಸಲಾಗದು. ಟ್ರಾನ್ಸ್‌ಪೋಸ್ ಮಾಡಿ (ಸಾಲು-ಕಂಬ ಅದಲುಬದಲು), ಕೊನೆಯ ಸಾಲಿನಲ್ಲಿ ಎಲ್ಲ 1 ತುಂಬಿ (ಸಂಭವನೀಯತೆಗಳ ಮೊತ್ತ 1 ಎಂದು), ಬಲಬದಿಗೆ 0, 0, 1 ಕೊಟ್ಟು ನಂಪೈಯ (ಪೈಥಾನ್‌ನ ಗಣಿತ ಲೈಬ್ರರಿ) ಸಾಲ್ವ್ ಕರೆಯಿರಿ. 2, 1, 0 ಸ್ಥಿತಿಗಳ ಸಂಭವನೀಯತೆ ಕ್ರಮವಾಗಿ 0.992032, 0.007936, 0.0000317 ಬರಬೇಕು; ಕೊನೆಯದನ್ನು ವರ್ಷದ ನಿಮಿಷಗಳಿಂದ ಗುಣಿಸಿದರೆ 16.7. ಟ್ರಾನ್ಸ್‌ಪೋಸ್ ಮರೆತರೆ ಎರರ್ ಬರುವುದಿಲ್ಲ, ತಪ್ಪು ಉತ್ತರ ಬರುತ್ತದೆ. ಹೆಚ್ಚಿನವರು ಎಡವುವುದು ಅಲ್ಲೇ.

ಆದರೆ 8ಕ್ಕೂ 16ಕ್ಕೂ ತಲೆ ಕೆಡಿಸಿಕೊಳ್ಳುವ ಮೊದಲು ಚಿತ್ರದಲ್ಲಿ ಇಲ್ಲದ ಬಾಣವನ್ನು ನೋಡಿ. ಎರಡೂ ಪಂಪ್ ಒಂದೇ ಪ್ಯಾನೆಲ್‌ನಿಂದ ಕರೆಂಟ್ ಪಡೆದು ಒಂದೇ ಸಂಪಿನಿಂದ ಎಳೆಯುತ್ತಿದ್ದರೆ, ಎರಡೂ ಒಟ್ಟಿಗೆ ನಿಲ್ಲುವ ದಾರಿ ಇದ್ದೇ ಇದೆ. ಕೆಡುವ ದರದಲ್ಲಿ ಬರೀ 5% ಇಂಥ ಸಮಾನ ಕಾರಣದ್ದು ಎನ್ನೋಣ: 2ರಿಂದ ನೇರ 0ಗೆ 0.000025ರ ಬಾಣ, 2ರಿಂದ 1ಕ್ಕೆ 0.00095. ವಾರ್ಷಿಕ ನಿಲುಗಡೆ 16.7 ನಿಮಿಷದಿಂದ ಎರಡು ಗಂಟೆಗೆ ಜಿಗಿಯುತ್ತದೆ. ಎರಡೂ ನಿಲ್ಲುವ ಮೊದಲ ಘಟನೆಯವರೆಗಿನ ಸರಾಸರಿ ಕಾಲ 2,53,000 ಗಂಟೆಯಿಂದ ಸುಮಾರು 35,000ಕ್ಕೆ ಕುಸಿಯುತ್ತದೆ. 29 ವರ್ಷ ಹೋಗಿ ನಾಲ್ಕೇ ವರ್ಷ. ಫಿಟ್ಟರ್ ಒಬ್ಬನೋ ಇಬ್ಬರೋ ಎಂಬುದು ಇದರ ಮುಂದೆ ಚಿಲ್ಲರೆ ಮಾತು. ಪ್ಯಾನೆಲ್ ಟ್ರಿಪ್ ಸರಿಪಡಿಸಿದರೆ ಎರಡೂ ಒಟ್ಟಿಗೆ ಓಡುತ್ತವೆ, ಹಾಗಾಗಿ ಅದನ್ನು ಬೇರೆಯೇ ಸ್ಥಿತಿಯಾಗಿ ಬರೆದು ನೇರ 2ಕ್ಕೆ ಬಾಣ ಕೊಡುವುದು ಇನ್ನೂ ಸರಿ.

ರಿಪೇರಿ ಹೆಚ್ಚುಕಮ್ಮಿ ಪ್ರತಿ ಸಲವೂ 8 ಗಂಟೆಯ ಆಸುಪಾಸೇ ಹಿಡಿಯುವುದಾದರೆ ಅದನ್ನು 0.375 ದರದ ಮೂರು ಹಂತಗಳಾಗಿ ಒಡೆಯಿರಿ. ಸರಾಸರಿ ಅದೇ 8, ಏರಿಳಿತ ಕಡಿಮೆ. ಬೇರಿಂಗ್ ಸವೆತದಿಂದ ಕೆಡುವ ದರ ವಯಸ್ಸಿನೊಂದಿಗೆ ಏರುತ್ತಿದ್ದರೆ ಸ್ಥಿರ ದರದ ಮಾರ್ಕೋವ್ ಬಿಟ್ಟು ಸಿಮ್ಯುಲೇಶನ್‌ಗೆ ಹೋಗಿ.

ದೀರ್ಘಕಾಲದ ಸರಾಸರಿಯ ಬದಲು ಮೊದಲ ತಿಂಗಳ ಚಿತ್ರ ಬೇಕಿದ್ದರೆ ಪೈಥಾನ್‌ನ ಸೈಪೈ ಲೈಬ್ರರಿಯ ಎಕ್ಸ್‌ಪಿಎಂ (ಯಾವುದೇ ಹೊತ್ತಿನ ಸಂಭವನೀಯತೆ ಕೊಡುವ ಮ್ಯಾಟ್ರಿಕ್ಸ್ ಘಾತ) ಸಾಕು. ಸೆಕೆಂಡುಗಳಲ್ಲಿ ಮುಗಿಯುವ ಸ್ವಿಚ್‌ಓವರ್ (ಒಂದರಿಂದ ಇನ್ನೊಂದಕ್ಕೆ ಬದಲಾಗುವುದು) ಸೇರಿಸಿದರೆ ದರಗಳ ಅಂತರ ವಿಪರೀತವಾಗಿ, ಸಮೀಕರಣವನ್ನು ಹೆಜ್ಜೆ ಹೆಜ್ಜೆಯಾಗಿ ಬಿಡಿಸುವ ಸೈಪೈಯ ಆರ್‌ಕೆ45 ವಿಧಾನ ತೆವಳುತ್ತದೆ, ಆಗ ಇಂಥ ಅಂತರಕ್ಕೆಂದೇ ಇರುವ ಬಿಡಿಎಫ್ ವಿಧಾನ ಬಳಸಿ. ಪ್ರತಿ ಘಟಕವೂ ಓಡುತ್ತಿರಬಹುದು ಇಲ್ಲವೇ ನಿಂತಿರಬಹುದು, ಆದ್ದರಿಂದ ಘಟಕಗಳು 20 ಆದರೆ ಸ್ಥಿತಿಗಳು 10,48,576. ಎಲ್ಲ ಒಂದೇ ಥರದವಾದರೆ ಎಷ್ಟು ಓಡುತ್ತಿವೆ ಎಂಬ ಎಣಿಕೆಯನ್ನಷ್ಟೇ ಇಟ್ಟುಕೊಂಡು 21ರಲ್ಲಿ ಮುಗಿಸಬಹುದು. ಅದಕ್ಕೂ ಮೀರಿದರೆ ಕೈಯಲ್ಲಿ ಬಾಣ ಎಳೆಯುವುದು ಬಿಟ್ಟು ಪ್ರಿಸಂ ಅಥವಾ ಸ್ಟಾರ್ಮ್ ಎಂಬ ಸಾಫ್ಟ್‌ವೇರ್‌ನಲ್ಲಿ ನಿಯಮಗಳನ್ನು ಬರೆಯಿರಿ, ಸ್ಥಿತಿಗಳನ್ನು ಅವೇ ಹುಟ್ಟಿಸಿಕೊಳ್ಳುತ್ತವೆ.