ಸಿಸ್ಟರನ್ನು ಕೇಳಿ: ಡಾಕ್ಟರ ಬಾಗಿಲ ಮುಂದೆ ಇಷ್ಟು ಜನ ಯಾಕೆ?

ಪ್ರಶ್ನೆ: ಸಿಸ್ಟರ್, ನನಗೆ 58 ವರ್ಷ. ಬಿಪಿ, ಶುಗರ್ ಎರಡೂ ಇವೆ. ಇಪ್ಪತ್ತು ವರ್ಷದಿಂದ ಒಬ್ಬರೇ ಡಾಕ್ಟರ ಹತ್ತಿರ ಹೋಗುತ್ತಿದ್ದೇನೆ. ಮೊದಲು ನೇರ ಒಳಗೆ ಹೋಗಿ ಕಷ್ಟಸುಖ ಹೇಳಿಕೊಳ್ಳುತ್ತಿದ್ದೆ. ಈಗ ಅವರ ಕ್ಲಿನಿಕ್ ದೊಡ್ಡದಾಗಿದೆ. ಹೋದ ಕೂಡಲೇ ರಿಸೆಪ್ಷನ್ ಹುಡುಗಿ 'ಏನು ತೊಂದರೆ?' ಅಂತ ಎಲ್ಲರ ಎದುರಿಗೇ ಕೇಳುತ್ತಾಳೆ. ನರ್ಸ್ ಬಿಪಿ ನೋಡುತ್ತಾರೆ, ಪಾದ ನೋಡುತ್ತಾರೆ. ಫಾರ್ಮಸಿಸ್ಟ್ ಅಂತೆ, ಅವರೊಬ್ಬರು ಮಾತ್ರೆ ಲೆಕ್ಕ ಹಾಕುತ್ತಾರೆ. ಡಾಕ್ಟರು ಸಿಗುವುದು ಐದೇ ನಿಮಿಷ, ಅದೂ ಎಲ್ಲ ಸಲ ಅಲ್ಲ. ನಮ್ಮನ್ನು ಸಾಗಹಾಕುವ ಉಪಾಯವಾ ಇದು?
– ಹೆಸರು ಬೇಡ

ಉತ್ತರ: ನಿಮ್ಮ ಸಿಟ್ಟು ನನಗೆ ಹೊಸದಲ್ಲ. ಮೂವತ್ತೊಂದು ವರ್ಷ ಆ ಬಾಗಿಲ ಹೊರಗೇ ಕೂತಿದ್ದವಳು ನಾನು. 'ನೀವು ನೋಡಿದ್ದು ಸಾಕು, ಡಾಕ್ಟರನ್ನ ಕರೀರಿ' ಅಂತ ಎಷ್ಟು ಜನರಿಂದ ಅನ್ನಿಸಿಕೊಂಡಿದ್ದೇನೋ!

ನಿಮ್ಮ ಪಾದದ ವಿಷಯವನ್ನೇ ತೆಗೆದುಕೊಳ್ಳಿ. ನರ್ಸ್ ಕೈಯಲ್ಲಿ ಪೆನ್ನಿನಂಥ ಹಿಡಿ, ಅದರ ತುದಿಗೆ ಒಂದು ನೈಲಾನ್ ಎಳೆ ಇರುತ್ತದೆ, ನೋಡಿದ್ದೀರಾ? ಚರ್ಮದ ಮೇಲೆ 10 ಗ್ರಾಂ ಭಾರ ಬಿದ್ದ ಕೂಡಲೇ ಅದು ಬಾಗುತ್ತದೆ. ಕಣ್ಣು ಮುಚ್ಚಿಸಿ, ಪಾದದಲ್ಲಿ ಅಲ್ಲಲ್ಲಿ ಅದನ್ನು ಒತ್ತಿ, ಮುಟ್ಟಿದ್ದು ಗೊತ್ತಾದರೆ ಹೇಳಿ ಅನ್ನುತ್ತೇವೆ. ಒಬ್ಬ ಹಿರಿಯರು ಹೀಗೇ ಕಣ್ಣು ಮುಚ್ಚಿ ಕೂತಿದ್ದರು. ಸ್ವಲ್ಪ ಹೊತ್ತಾದ ಮೇಲೆ, 'ಶುರು ಮಾಡಮ್ಮ, ಎಷ್ಟು ಹೊತ್ತು ಕೂರಿಸ್ತೀಯ?' ಅಂದರು. ಅಷ್ಟರಲ್ಲಿ ನಾನು ನಾಲ್ಕು ಕಡೆ ಒತ್ತಿ ಮುಗಿಸಿದ್ದೆ. ಹೆಬ್ಬೆರಳ ಕೆಳಗೆ, ಚಪ್ಪಲಿಯೊಳಗೆ ಸಿಕ್ಕಿದ ಸಣ್ಣ ಕಲ್ಲು ಕೊರೆದ ಗಾಯವಿತ್ತು. ಅದೂ ಅವರಿಗೆ ಗೊತ್ತಿರಲಿಲ್ಲ. ಶುಗರ್ ನರಗಳನ್ನು ಕೆಡಿಸಿದರೆ ಹೀಗೆ ನೋವೇ ತಿಳಿಯುವುದಿಲ್ಲ. ನಿಮ್ಮ ಐದು ನಿಮಿಷದಲ್ಲಿ ಡಾಕ್ಟರು ಚಪ್ಪಲಿ ಬಿಚ್ಚಿಸಿ ಇದನ್ನೆಲ್ಲ ನೋಡುತ್ತಿದ್ದರೇ? ನನಗಂತೂ ಅನುಮಾನ.

ಬಿಪಿ ನೋಡುವುದಕ್ಕೂ ಪುರುಸೊತ್ತು ಬೇಕು. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಬಂದವರ ತೋಳಿಗೆ, ಬಟ್ಟೆಯ ಮೇಲೇ ಪಟ್ಟಿ ಸುತ್ತಿದರೆ ಬರುವ ಅಂಕಿಯನ್ನು ನಂಬುವ ಹಾಗಿಲ್ಲ. ಐದು ನಿಮಿಷ ಸುಮ್ನೆ ಕೂರಬೇಕು. ಬೆನ್ನಿಗೆ ಆಸರೆ, ಪಾದ ನೆಲದ ಮೇಲೆ, ಕಾಲ ಮೇಲೆ ಕಾಲು ಬೇಡ, ಮಾತು ಬೇಡ. ಮೂತ್ರ ತಡೆದುಕೊಂಡು ಕೂತರೂ ಬಿಪಿ ಏರುತ್ತದೆ. ಬಿಳಿ ಕೋಟು ಕಂಡರೇ ಏರಿಸಿಕೊಳ್ಳುವವರೂ ಇದ್ದಾರೆ, ಅವರಿಗೆ ಮನೆಯಲ್ಲೇ ನೋಡಿ ಬರೆದುಕೊಂಡು ಬನ್ನಿ ಅನ್ನುತ್ತೇವೆ.

ಫಾರ್ಮಸಿಸ್ಟ್ ಬಗ್ಗೆ ನನಗೂ ಮೊದಲು ನಿಮ್ಮಷ್ಟೇ ಅಸಡ್ಡೆ ಇತ್ತು. ಒಬ್ಬ ಹೆಂಗಸಿನ ಬಿಪಿ ನಾಲ್ಕು ತಿಂಗಳಾದರೂ ಇಳಿಯಲೇ ಇಲ್ಲ. ಉಪ್ಪು ಕಡಿಮೆ ಮಾಡಿ, ದಿನಾ ನಡೆಯಿರಿ ಅಂತ ಪ್ರತಿ ಸಲ ಉಪದೇಶ ಮಾಡಿ ಕಳಿಸಿದೆ. ಹೊಸದಾಗಿ ಬಂದ ಫಾರ್ಮಸಿಸ್ಟ್ ಹುಡುಗ ಒಂದೇ ಮಾತು ಹೇಳಿದ: 'ಮನೇಲಿರೋ ಮಾತ್ರೆ ಎಲ್ಲಾ ಒಂದು ಚೀಲಕ್ಕೆ ಹಾಕಿ ತನ್ನಿ.' ಚೀಲವನ್ನು ಮೇಜಿನ ಮೇಲೆ ಸುರಿದರೆ, ಮಂಡಿನೋವಿಗೆ ದಿನಾ ನುಂಗುತ್ತಿದ್ದ ಐಬುಪ್ರೊಫೆನ್ ಉದುರಿತು. ಅದು ಬಿಪಿ ಏರಿಸಬಲ್ಲದು, ಕಿಡ್ನಿಗೂ ಹೊರೆ, ಕೆಲವು ಬಿಪಿ ಮಾತ್ರೆಗಳ ಕೆಲಸವನ್ನೂ ಕೆಡಿಸುತ್ತದೆ. ಜೊತೆಗೆ ಅಸಿಡಿಟಿಯ ಒಂದೇ ಔಷಧಿ ಎರಡು ಹೆಸರಿನ ಸ್ಟ್ರಿಪ್‌ಗಳಲ್ಲಿ! 'ಬೇರೆ ಏನಾದ್ರೂ ತಗೋತೀರಾ?' ಅಂತ ನಾನೂ ಕೇಳಿದ್ದೆ. ಆಯಮ್ಮ ಇಲ್ಲ ಅಂದಿದ್ದರು. ನೋವಿನ ಮಾತ್ರೆ ಅವರ ಲೆಕ್ಕದಲ್ಲಿ ಔಷಧಿಯೇ ಅಲ್ಲ, ಪಾಪ. ಚೀಲ ತರಿಸಬೇಕು ಅಂತ ನನಗೆ ಹೊಳೆದಿರಲಿಲ್ಲ. ನೀವೂ ಮುಂದಿನ ಸಲ ಚೀಲ ಒಯ್ಯಿರಿ. ಆದರೆ ಇದನ್ನು ಓದಿ ನೀವಾಗಿಯೇ ಯಾವ ಮಾತ್ರೆಯನ್ನೂ ನಿಲ್ಲಿಸಬೇಡಿ.

ರಿಸೆಪ್ಷನ್ ಹುಡುಗಿಯ ವಿಷಯದಲ್ಲಿ ಅರ್ಧ ನ್ಯಾಯ ನಿಮ್ಮ ಕಡೆ ಇದೆ. ಎಲ್ಲರ ಎದುರು ಕೇಳಬಾರದು. ಪಕ್ಕಕ್ಕೆ ಕರೆದು ಹೇಳಿ, ಇಲ್ಲವೇ ಚೀಟಿ ಬರೆದುಕೊಡಿ. ಆದರೆ ಕೇಳುವುದನ್ನೇ ಬಿಡು ಅನ್ನಲಾರೆ. ಎದೆ ಹಿಂಡಿದಂತಾಗುತ್ತಿದೆ, ಮುಖ ಒಂದು ಕಡೆ ಸೊಟ್ಟಗಾಗಿದೆ, ಮಾತು ತೊದಲುತ್ತಿದೆ ಅಂತ ಯಾರಾದರೂ ಹೇಳಿದರೆ ಅವರನ್ನು ಸರದಿಯಲ್ಲಿ ಕೂರಿಸುವ ಹಾಗಿಲ್ಲ. ಅದು ಮೊದಲು ಗೊತ್ತಾಗುವುದು ಅವಳಿಗೇ ಅಲ್ವಾ?

ಇಷ್ಟೆಲ್ಲ ಹೇಳಿದರೂ, ಇಪ್ಪತ್ತು ವರ್ಷದ ಆ ಕಷ್ಟಸುಖದ ಮಾತು ತಪ್ಪಿಹೋಗಿದ್ದು ನಷ್ಟವೇ. ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ, ಎಲ್ಲಿಂದಾದರೂ ರಕ್ತ ಹೋಗುತ್ತಿದ್ದರೆ, ಹೊಸ ಗಂಟು ಕಂಡರೆ, 'ಡಾಕ್ಟರನ್ನೇ ನೋಡಬೇಕು' ಅಂತ ಗಟ್ಟಿಯಾಗಿ ಕೇಳಿ. ಸಂಕೋಚ ಬೇಡ.

ಪ್ರಶ್ನೆ: ಕ್ಲಿನಿಕ್‌ನಲ್ಲಿ ಕೋಟು ಹಾಕಿದವರನ್ನೆಲ್ಲ 'ಡಾಕ್ಟ್ರೇ' ಅಂದು ಮುಜುಗರಪಟ್ಟಿದ್ದೇನೆ. ಯಾರು ಏನು ಅಂತ ತಿಳಿಯುವುದು ಹೇಗೆ?

ಉತ್ತರ: ಕೇಳಿಬಿಡಿ. 'ನಿಮ್ಮ ಕೆಲಸ ಏನು?' ಅಂದರೆ ಯಾರೂ ಬೇಜಾರು ಮಾಡಿಕೊಳ್ಳಬಾರದು. ಈ ಗೊಂದಲ ಹಳೆಯದು. ಅಮೆರಿಕದ ಕೊಲರಾಡೊದಲ್ಲಿ 1965ರಲ್ಲಿ ಲೊರೆಟ್ಟಾ ಫೋರ್ಡ್ ಎಂಬ ನರ್ಸ್, ಹೆನ್ರಿ ಸಿಲ್ವರ್ ಎಂಬ ಮಕ್ಕಳ ಡಾಕ್ಟರು ಸೇರಿ ನರ್ಸ್ ಪ್ರಾಕ್ಟಿಷನರ್ ತರಬೇತಿ ಶುರು ಮಾಡಿದರು, ಅಂದರೆ ಹೆಚ್ಚಿನ ತರಬೇತಿ ಪಡೆದು ತಾವೇ ರೋಗಿಗಳನ್ನು ಪರೀಕ್ಷಿಸಿ ಚಿಕಿತ್ಸೆ ಕೊಡುವ ನರ್ಸ್. ಅದೇ ವರ್ಷ ಅಮೆರಿಕದ್ದೇ ಆದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಫಿಸಿಷಿಯನ್ ಅಸಿಸ್ಟೆಂಟ್, ಅಂದರೆ ಡಾಕ್ಟರ ಜೊತೆಗಿದ್ದು ರೋಗಿಗಳನ್ನು ನೋಡುವ ಸಹಾಯಕರ ತರಬೇತಿ ಶುರುವಾಯಿತು. ಅದಕ್ಕೆ ಮೊದಲು ಸೇರಿದವರು ನೌಕಾಪಡೆಯಲ್ಲಿ ವೈದ್ಯಕೀಯ ಸಹಾಯಕರಾಗಿದ್ದವರು. ಇವರು ಏನೇನು ಮಾಡಬಹುದು ಅನ್ನುವುದು ದೇಶದಿಂದ ದೇಶಕ್ಕೆ ಬೇರೆ. ಹಾಗಾಗಿ ಹೆಸರಿನ ಜೊತೆ ಹುದ್ದೆಯನ್ನೂ ಕೇಳಿಟ್ಟುಕೊಳ್ಳಿ.

ಪ್ರಶ್ನೆ: ರಕ್ತ ಪರೀಕ್ಷೆಗೆ ಹೋದರೆ ಮೂರು ನಾಲ್ಕು ಟ್ಯೂಬ್ ತುಂಬಿಸುತ್ತಾರೆ. ಅಷ್ಟೆಲ್ಲ ಬೇಕಾ? ನನಗೆ ಸೂಜಿ ಕಂಡರೇ ತಲೆ ಸುತ್ತುತ್ತದೆ.

ಉತ್ತರ: ನಾಲ್ಕೂ ಸೇರಿ ಹೆಚ್ಚೆಂದರೆ 20 ಮಿಲಿ. ದೊಡ್ಡವರ ಮೈಯಲ್ಲಿ ಸುಮಾರು ಐದು ಲೀಟರ್ ರಕ್ತ ಇರುತ್ತದೆ. ಮುಚ್ಚಳದ ಬಣ್ಣ ಬೇರೆ ಬೇರೆ ಇರುವುದು ಒಳಗಿನ ರಾಸಾಯನಿಕ ಬೇರೆ ಅನ್ನುವುದಕ್ಕೆ. ನೇರಳೆ ಮುಚ್ಚಳದ್ದರಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಸ್ತು ಇರುತ್ತದೆ. ರಕ್ತಕಣ ಎಣಿಸಲು, ಎರಡು ಮೂರು ತಿಂಗಳ ಶುಗರ್ ಸರಾಸರಿ ನೋಡಲು ಅದೇ ಬೇಕು. ತಲೆ ಸುತ್ತುವುದನ್ನು ಮಾತ್ರ ಸೂಜಿ ಚುಚ್ಚುವ ಮೊದಲೇ ಹೇಳಿ, ಮಲಗಿಸಿ ತೆಗೆಯುತ್ತಾರೆ. ನಾಚಿಕೆಪಟ್ಟು ಸುಮ್ಮನಿದ್ದ ಆರಡಿ ಪೈಲ್ವಾನರೊಬ್ಬರು ನನ್ನ ಭುಜದ ಮೇಲೇ ಒರಗಿದ್ದರು. ಒಂದು ವಾರ ಕತ್ತು ತಿರುಗಿಸಲಾಗಲಿಲ್ಲ ನನಗೆ.