ಎರಡು ಬುಟ್ಟಿ ಬೇಕಾ, ಒಂದು ಸಾಕಾ?

ಕೆಲವು ತಿಂಗಳ ಹಿಂದೆ ಇದೇ ಅಂಕಣದಲ್ಲಿ, ಯಾವುದೋ ಮಾತಿನ ಮಧ್ಯೆ, ನಮ್ಮ ಮನೆಗೆ ಎರಡು ಬುಟ್ಟಿಯ ಏರ್ ಫ್ರೈಯರ್ ಬಂದಿದೆ ಅಂತ ಒಂದು ಸಾಲು ಬರೆದಿದ್ದೆ. ಅದೇ ತಪ್ಪಾಯಿತು ನೋಡಿ. ಆಮೇಲೆ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಅದರದ್ದೇ ವಿಚಾರ. ಆಗಲೇ ಉತ್ತರ ಬರೆಯಲಿಲ್ಲ, ಬೇಕಂತಲೇ. ಹೊಸದರಲ್ಲಿ ಅಗಸ ಎತ್ತಿ ಎತ್ತಿ ಒಗೆದ ಅನ್ನುವ ಹಾಗೆ ಮೊದಲ ತಿಂಗಳು ನಾನೂ ಕಂಡದ್ದನ್ನೆಲ್ಲ ಅದರೊಳಗೆ ತುರುಕುತ್ತಿದ್ದೆ. ಈಗ ಆ ಹುಚ್ಚು ಇಳಿದಿದೆ. ಈಗ ಹೇಳಬಹುದು.

ಪ್ರಶ್ನೆ: ನಮ್ಮದು ಐದು ಜನರ ಮನೆ. ಇಬ್ಬರು ಮಕ್ಕಳು, ಅತ್ತೆ, ನಾವಿಬ್ಬರು. ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ. ಅಂಗಡಿಯಲ್ಲಿ 8 ಲೀಟರ್‌ನ ಎರಡು ಬುಟ್ಟಿಯದು ತೋರಿಸಿ, ‘ದಿನದ ಅಡುಗೆ ಎಲ್ಲಾ ಇದರಲ್ಲೇ ಆಗುತ್ತೆ ಮೇಡಂ’ ಅಂದರು. ನಿಜಾನಾ? ತಗೊಳ್ಳಬಹುದಾ? (ದಾವಣಗೆರೆಯ ಓದುಗರು)

ಉತ್ತರ: ಎಲ್ಲಾ ಆಗುವುದಿಲ್ಲ. ಅನ್ನ, ಸಾರು, ಹುಳಿ, ಇಡ್ಲಿ, ದೋಸೆ, ಚಪಾತಿ, ಮುದ್ದೆ, ಇವುಗಳಲ್ಲಿ ಒಂದೂ ಅದರಲ್ಲಿ ಆಗುವುದಿಲ್ಲ. ನಮ್ಮ ದಿನದ ಅಡುಗೆ ಅಂದರೆ ಮುಕ್ಕಾಲು ಪಾಲು ಇದೇ ಅಲ್ವಾ? ಉಳಿದ ಕಾಲು ಪಾಲಿಗೆ, ಅಂದರೆ ತಟ್ಟೆಯ ಅಂಚಿನಲ್ಲಿ ನಂಜಿಕೊಳ್ಳುವುದಕ್ಕೆ ಏನಿರುತ್ತದೋ ಅದಕ್ಕೆ ಮಾತ್ರ ಇದು. ಇಷ್ಟು ಒಪ್ಪಿಕೊಂಡು ಮುಂದಿನದನ್ನು ಓದಿ.

ಹೆಸರಲ್ಲಿ ಫ್ರೈಯರ್ ಅಂತಿದ್ದರೂ ಇದು ಕರಿಯುವ ಯಂತ್ರ ಅಲ್ಲ, ಚಿಕ್ಕ ಓವನ್. ಮೇಲೆ ಒಂದು ಕಾಯಿಲ್ ಕಾಯುತ್ತದೆ, ಅದರ ಮೇಲಿನ ಫ್ಯಾನ್ ಬಿಸಿ ಗಾಳಿಯನ್ನು ಜೋರಾಗಿ ಸುತ್ತಿಸುತ್ತದೆ, ಬುಟ್ಟಿಯ ತಳದ ತೂತುಗಳಿಂದ ಗಾಳಿ ಕೆಳಗೂ ನುಗ್ಗುತ್ತದೆ. ಫಿಲಿಪ್ಸ್‌ನವರು 2010ರಲ್ಲಿ ಏರ್‌ಫ್ರೈಯರ್ ಅನ್ನುವ ಹೆಸರಲ್ಲಿ ಮಾರಲು ಶುರು ಮಾಡಿದ ಮೇಲೆ ಆ ಹೆಸರೇ ಅಂಟಿಕೊಂಡಿತು. ಎರಡು ಬುಟ್ಟಿಯದರಲ್ಲಿ ಸಾಮಾನ್ಯವಾಗಿ ಇಂಥ ಎರಡು ಓವನ್‌ಗಳು ಅಕ್ಕಪಕ್ಕ ಕೂತಿರುತ್ತವೆ. ಎರಡಕ್ಕೂ ಬೇರೆ ಬೇರೆ ಕಾಯಿಲ್, ಬೇರೆ ಫ್ಯಾನ್, ನಡುವೆ ಗೋಡೆ.

ಅಲ್ಲೇ ಲೀಟರ್ ಲೆಕ್ಕದ ಮೋಸ ಇರುವುದು. 8 ಲೀಟರ್ ಅಂದರೆ 4 ಮತ್ತು 4. ಅದೂ ನೀರು ತುಂಬಿದರೆ. ನಾವು ನೀರು ತುಂಬುವುದಿಲ್ಲವಲ್ಲ, ತರಕಾರಿಯನ್ನು ಒಂದೇ ಪದರದಲ್ಲಿ ಹರಡಬೇಕು, ಒಂದರ ಮೇಲೊಂದು ಪೇರಿಸಿದರೆ ಗಾಳಿ ಒಳಗೆ ಹೋಗದೆ ಮೇಲಿನದು ಕರಕಲು, ಕೆಳಗಿನದು ಬೆಂದ ಪಲ್ಯ. ಹಾಗಾಗಿ ನೋಡಬೇಕಾದ್ದು ಲೀಟರ್ ಅಲ್ಲ, ಬುಟ್ಟಿಯ ತಳ. ಅಂಗಡಿಗೆ ಹೋಗುವಾಗ ಬ್ಯಾಗಿನಲ್ಲಿ ಟೇಪು ಇಟ್ಟುಕೊಳ್ಳಿ. ತಳದ ಉದ್ದ ಅಗಲ ಅಳೆದುಕೊಂಡು ಬಂದು, ಅಷ್ಟೇ ಅಳತೆಗೆ ಹಳೇ ಪೇಪರ್ ಕತ್ತರಿಸಿ, ನೀವು ಐದು ಜನಕ್ಕೆ ಹೆಚ್ಚುವಷ್ಟು ಬೆಂಡೆಕಾಯಿಯನ್ನು ಅದರ ಮೇಲೆ ಹರಡಿ ನೋಡಿ. ಅಂಗಡಿಯವರು ಏನು ಹೇಳಿದರೂ ಪೇಪರ್ ಸುಳ್ಳು ಹೇಳುವುದಿಲ್ಲ. ನಮ್ಮ ಮನೆಯದರಲ್ಲಿ ಒಂದು ಬುಟ್ಟಿಗೆ ಕಾಲು ಕೆಜಿ ಬೆಂಡೆಕಾಯಿ ಹಿಡಿಸುತ್ತದೆ, ಒತ್ತಿದರೆ ಇನ್ನೊಂದು ಹಿಡಿ. ಬೆಂದ ಮೇಲೆ ಅದು ಕುಗ್ಗಿ ಮೂರು ಜನಕ್ಕೆ ಆದರೆ ಹೆಚ್ಚು.

ಈಗ ಎರಡು ಬುಟ್ಟಿ ಯಾವಾಗ ಉಪಯೋಗ, ಯಾವಾಗ ಸುಮ್ನೆ ದುಡ್ಡು ದಂಡ ಅನ್ನುವುದು. ನಿಮ್ಮ ಮನೆಯಲ್ಲಿ ಐವರೂ ಒಂದೇ ಪಲ್ಯ ತಿನ್ನುವವರಾದರೆ ಎರಡು ಬುಟ್ಟಿಗೂ ಅದನ್ನೇ ಹಾಕುತ್ತೀರಿ. ಆ ಕೆಲಸವನ್ನು 6 ಲೀಟರ್ ಮೇಲಿನ ಅಗಲ ತಳದ ಒಂದೇ ಬುಟ್ಟಿ ಕಡಿಮೆ ದುಡ್ಡಿಗೆ ಮಾಡುತ್ತದೆ. ಅದಲ್ಲದೆ ಎರಡು ಬುಟ್ಟಿಯದರಲ್ಲಿ ಒಂದೊಂದೂ ಇಕ್ಕಟ್ಟು. ಇಡೀ ಕೋಳಿ, ದೊಡ್ಡ ಮೀನು, ಎಂಟಿಂಚಿನ ಕೇಕ್ ಟಿನ್ನು, ಯಾವುದೂ ಕೂರುವುದಿಲ್ಲ.

ಆದರೆ ಸಂಜೆ ಏಳು ಗಂಟೆಗೆ ಒಂದು ಒಲೆಯಲ್ಲಿ ಕುಕ್ಕರ್, ಇನ್ನೊಂದರಲ್ಲಿ ಸಾರು, ಅತ್ತೆಯವರಿಗೆ ಎಣ್ಣೆ ಇಲ್ಲದ ಹಾಗಲಕಾಯಿ, ಮಕ್ಕಳಿಗೆ ಆಲೂಗಡ್ಡೆಯೇ ಆಗಬೇಕು ಅನ್ನುವ ಮನೆಯಾದರೆ ಕಥೆಯೇ ಬೇರೆ. ಎಡಗಡೆ ಹಾಗಲಕಾಯಿ ಬಿಲ್ಲೆ 180 ಡಿಗ್ರಿಯಲ್ಲಿ 14 ನಿಮಿಷ, ಬಲಗಡೆ ಆಲೂಗಡ್ಡೆ 200 ಡಿಗ್ರಿಯಲ್ಲಿ 20 ನಿಮಿಷ. ಎರಡೂ ಒಟ್ಟಿಗೆ ಮುಗಿಯಲಿ ಅಂತ ಒಂದು ಬಟನ್ ಇರುತ್ತದೆ. ಅದನ್ನು ಒತ್ತಿದರೆ ಆಲೂಗಡ್ಡೆ ಮೊದಲು ಶುರುವಾಗುತ್ತದೆ, ಹಾಗಲಕಾಯಿ ಆರು ನಿಮಿಷ ಕಾದು ಆಮೇಲೆ ಸೇರಿಕೊಳ್ಳುತ್ತದೆ. ಬಾಣಲೆ ಮುಂದೆ ನಿಂತು ಸೌಟು ಆಡಿಸುವ ಕೆಲಸ ತಪ್ಪುತ್ತದೆ. ನನಗೆ ಕಂಡ ದೊಡ್ಡ ಲಾಭ ಇದೇ. ಎಣ್ಣೆ ಉಳಿತಾಯವೆಲ್ಲ ಆಮೇಲಿನ ಮಾತು. ಆದರೆ ಮಧ್ಯದಲ್ಲಿ ಒಂದು ಸಲ ಬುಟ್ಟಿ ಎಳೆದು ಅಲುಗಾಡಿಸಲೇಬೇಕು, ಅದನ್ನು ಯಾವ ಬಟನ್ನೂ ಮಾಡಿಕೊಡುವುದಿಲ್ಲ. ಎರಡೂ ಕಡೆ ತುಂಬಿ ಓಡಿಸಿದಾಗ ಪುಸ್ತಕದಲ್ಲಿ ಬರೆದದ್ದಕ್ಕಿಂತ ಎರಡು ಮೂರು ನಿಮಿಷ ಜಾಸ್ತಿಯೂ ಬೇಕಾಗಬಹುದು.

ಒಂದು ವಾರ ಸಂಜೆ ಹೊತ್ತು ನಿಮ್ಮ ಮನೆಯಲ್ಲಿ ಒಟ್ಟೊಟ್ಟಿಗೆ ಎಷ್ಟು ಒಣ ತಿನಿಸು ಆಗುತ್ತದೆ ಅಂತ ಕ್ಯಾಲೆಂಡರ್ ಮೇಲೆ ಬರೆದಿಡಿ. ನಾಲ್ಕು ದಿನವಾದರೂ ಎರಡು ಅಂತ ಬಂದರೆ ತಗೊಳ್ಳಿ. ಬರದಿದ್ದರೆ ಒಂದು ಬುಟ್ಟಿ ಸಾಕು. ಒಂದೇ ದೊಡ್ಡ ಬುಟ್ಟಿಗೆ ನಡುವೆ ಅಡ್ಡಗೋಡೆ ಸಿಕ್ಕಿಸುವಂಥವೂ ಬಂದಿವೆ, ಬೇಕಾದಾಗ ಗೋಡೆ ಕಿತ್ತು ಹಾಕಬಹುದು. ಐದು ಜನರ ಮನೆಗೆ ನನ್ನ ಮನಸ್ಸು ಆ ಕಡೆಗೇ ವಾಲುತ್ತದೆ. ಅಡುಗೆ ಕಟ್ಟೆಯ ಮೇಲೆ ಜಾಗವನ್ನೂ ಅಳೆದುಕೊಳ್ಳಿ. ಅಕ್ಕಪಕ್ಕ ಬುಟ್ಟಿ ಇರುವಂಥದ್ದಕ್ಕೆ ಹೆಚ್ಚುಕಡಿಮೆ ಒಂದೂವರೆ ಅಡಿ ಅಗಲ ಬೇಕು, ಹಿಂದೆ ಬಿಸಿಗಾಳಿ ಹೋಗಲು ನಾಲ್ಕೈದು ಇಂಚು ಬಿಡಬೇಕು. ಕಪಾಟಿನೊಳಗೆ ಇಟ್ಟು ಬೇಕಾದಾಗ ತೆಗೆಯುತ್ತೇನೆ ಅಂದುಕೊಂಡವರು ಯಾರೂ ತೆಗೆದಿಲ್ಲ. ಅಷ್ಟು ಭಾರ ಅದು.

ಪ್ರಶ್ನೆ: ಬಜ್ಜಿ, ಬೋಂಡ, ಉದ್ದಿನ ವಡೆ ಬರುತ್ತಾ? ಅದಕ್ಕೇ ತಗೋಬೇಕು ಅಂತಿದ್ದೇನೆ, ಡಾಕ್ಟರು ಎಣ್ಣೆ ಕಡಿಮೆ ಮಾಡಿ ಅಂದಿದ್ದಾರೆ. (ಮೈಸೂರಿನ ಓದುಗರು)

ಉತ್ತರ: ಅದಕ್ಕೇ ಆದರೆ ಖಂಡಿತ ಬೇಡ ಸಾರ್. ಮಳೆ ಬಂದ ಒಂದು ಸಂಜೆ ನಾನು ಮೆಣಸಿನಕಾಯಿ ಬಜ್ಜಿ ಇಟ್ಟಿದ್ದೆ. ಹಿಟ್ಟೆಲ್ಲ ತೂತುಗಳಿಂದ ಸೋರಿ ತಳದಲ್ಲಿ ದೋಸೆಯಾಗಿತ್ತು, ಮೆಣಸಿನಕಾಯಿ ಮೇಲೆ ಬೆತ್ತಲೆಯಾಗಿ ಮಲಗಿತ್ತು. ಕಾದ ಎಣ್ಣೆ ಹಿಟ್ಟನ್ನು ಮುಟ್ಟಿದ ಕ್ಷಣಕ್ಕೇ ಸುತ್ತಲೂ ಹಿಡಿದು ಗಟ್ಟಿ ಮಾಡುತ್ತದೆ. ಗಾಳಿಗೆ ಆ ತಾಕತ್ತಿಲ್ಲ, ಅದು ಶಾಖವನ್ನು ನಿಧಾನಕ್ಕೆ ಕೊಡುತ್ತದೆ, ಅಷ್ಟರೊಳಗೆ ಹಿಟ್ಟು ಇಳಿದುಹೋಗುತ್ತದೆ. ಉದ್ದಿನ ವಡೆ ಆಕಾರ ಹಿಡಿದರೂ ಒಳಗಿನ ಆ ಮೆತ್ತನೆ ಬರುವುದಿಲ್ಲ, ಬ್ರೆಡ್ಡಿನ ತುಂಡಿನಂತೆ ಒಣಗುತ್ತದೆ.

ಮಸಾಲೆ ವಡೆ, ಅಂದರೆ ಕಡಲೆಬೇಳೆ ತರಿತರಿಯಾಗಿ ರುಬ್ಬಿದ್ದು, ಪರವಾಗಿಲ್ಲ. ತೆಳ್ಳಗೆ ತಟ್ಟಿ ಎರಡೂ ಕಡೆ ಎಣ್ಣೆ ಸವರಬೇಕು. ರುಚಿ ಬೇರೆಯೇ, ಕರಿದದ್ದರ ಜೊತೆ ಹೋಲಿಸದೆ ತಿಂದರೆ ಚೆನ್ನಾಗಿದೆ. ನಿಪ್ಪಟ್ಟೂ ಹಾಗೇ.

ನಿಜವಾಗಿ ಚೆನ್ನಾಗಿ ಆಗುವುದು ಯಾವುದು ಗೊತ್ತಾ? ಸುಟ್ಟ ಬದನೆಕಾಯಿ ಗೊಜ್ಜು. ದೊಡ್ಡ ಗುಂಡು ಬದನೆಗೆ ಎಣ್ಣೆ ಸವರಿ, ನಾಲ್ಕು ಕಡೆ ಚುಚ್ಚಿ (ಚುಚ್ಚದಿದ್ದರೆ ಒಡೆಯಬಹುದು), 200 ಡಿಗ್ರಿಯಲ್ಲಿ 20ರಿಂದ 25 ನಿಮಿಷ. ಸಿಪ್ಪೆ ಅಂಗಿ ಕಳಚಿದ ಹಾಗೆ ಬರುತ್ತದೆ, ಗ್ಯಾಸ್ ಒಲೆ ಗಲೀಜಾಗುವುದಿಲ್ಲ. ಕೆಂಡದ ಹೊಗೆ ವಾಸನೆ ಮಾತ್ರ ಇರುವುದಿಲ್ಲ, ಅದು ಬೇಕೇಬೇಕು ಅನ್ನುವವರು ಒಲೆಗೇ ಹೋಗಿ. ಬಾಳೆಕಾಯಿ, ಸುವರ್ಣಗೆಡ್ಡೆ, ಗೆಣಸು, ಹುರಿದ ಶೇಂಗಾ ಎಲ್ಲವೂ ಒಳ್ಳೇದಾಗುತ್ತವೆ. ಹಿಂದಿನ ದಿನದ ಮದ್ದೂರು ವಡೆಯನ್ನು 160 ಡಿಗ್ರಿಯಲ್ಲಿ ನಾಲ್ಕು ನಿಮಿಷ ಇಟ್ಟು ನೋಡಿ, ನಿಮ್ಮ ಊರಿನ ಹತ್ತಿರದ್ದೇ ಅಲ್ವಾ, ಮತ್ತೆ ಗರಿಗರಿ.

ಡಾಕ್ಟರ ಮಾತಿಗೆ ಬಂದರೆ, ಪ್ಯಾಕೆಟ್ಟಿನ ಫ್ರೆಂಚ್ ಫ್ರೈಸ್ ಇದರಲ್ಲಿ ಮಾಡಿ ಎಣ್ಣೆಯೇ ಇಲ್ಲ ಅಂದುಕೊಳ್ಳಬೇಡಿ. ಅವನ್ನು ಫ್ಯಾಕ್ಟರಿಯಲ್ಲೇ ಸಾಮಾನ್ಯವಾಗಿ ಒಂದು ಸುತ್ತು ಎಣ್ಣೆಯಲ್ಲಿ ಕರಿದಿರುತ್ತಾರೆ. ಮನೆಯ ಆಲೂಗಡ್ಡೆಯನ್ನೂ ಕಂದು ಬಣ್ಣ ಆಗುವವರೆಗೆ ಬಿಡಬೇಡಿ. ಪಿಷ್ಟ ಇರುವ ಪದಾರ್ಥ 120 ಡಿಗ್ರಿ ಮೇಲೆ ಕೆಂಪೇರುವಾಗ ಅಕ್ರಿಲಮೈಡ್ ಅನ್ನುವ ಬೇಡದ ವಸ್ತು ಹುಟ್ಟುತ್ತದೆ, ಎಣ್ಣೆ ಇರಲಿ ಗಾಳಿ ಇರಲಿ. ಹೆಚ್ಚಿದ ಆಲೂಗಡ್ಡೆಯನ್ನು ಅರ್ಧ ಗಂಟೆ ನೀರಲ್ಲಿ ನೆನೆಸಿ, ಒರೆಸಿ, ಹೊಂಬಣ್ಣಕ್ಕೆ ತೆಗೆದುಬಿಡಿ.

ಪ್ರಶ್ನೆ: ನಮಗೆ ಗೃಹಜ್ಯೋತಿ ಇದೆ. ತಿಂಗಳಿಗೆ 170 ಯೂನಿಟ್ ಆಸುಪಾಸು ಬರುತ್ತೆ. ಇದನ್ನು ತಗೊಂಡರೆ ಏನಾಗುತ್ತೆ? (ತುಮಕೂರಿನ ಓದುಗರು)

ಉತ್ತರ: ಒಳ್ಳೇ ಪ್ರಶ್ನೆ, ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ ಇದನ್ನು. 2,400 ವ್ಯಾಟ್‌ನದ್ದು ಅಂತಿಟ್ಟುಕೊಳ್ಳಿ. ಎರಡೂ ಬುಟ್ಟಿಯನ್ನು ದಿನಕ್ಕೆ 25 ನಿಮಿಷ ಓಡಿಸಿದರೆ ಗರಿಷ್ಠ ಒಂದು ಯೂನಿಟ್, ತಿಂಗಳಿಗೆ 30. ಬಿಸಿ ಬಂದ ಮೇಲೆ ಕಾಯಿಲ್ ಆರಿ ಹೊತ್ತಿ ಮಾಡುವುದರಿಂದ ನಿಜದ ಲೆಕ್ಕ ಅದಕ್ಕಿಂತ ಕಡಿಮೆಯೇ. ಆದರೆ ನೀವು ನಿಂತಿರುವುದೇ ಅಂಚಿನಲ್ಲಿ. 200 ದಾಟಿದ ತಿಂಗಳು ಮೇಲಿನ ನಾಲ್ಕು ಯೂನಿಟ್ಟಿಗಲ್ಲ, ಪೂರ್ತಿ ಬಿಲ್ಲಿಗೆ ದುಡ್ಡು ಕಟ್ಟಬೇಕಾಗುತ್ತದೆ. ದಾಟದಿದ್ದರೂ, ನಿಮ್ಮ ಹಳೇ ಸರಾಸರಿಯ ಮೇಲೆ ನಿಮಗೆ ಗೊತ್ತು ಮಾಡಿರುವ ಮಿತಿ ಮೀರಿದಷ್ಟಕ್ಕೆ ಕಟ್ಟಬೇಕು. ವಾರಕ್ಕೆ ಮೂರು ದಿನ, ಒಂದೇ ಬುಟ್ಟಿ ಅಂದರೆ ತೊಂದರೆ ಇಲ್ಲ. ಬೇಸಿಗೆಯಲ್ಲಿ ಫ್ಯಾನು ಕೂಲರು ಜೋರಾದಾಗ ಮೀಟರ್ ಮೇಲೆ ಒಂದು ಕಣ್ಣಿರಲಿ.

ಇನ್ನೊಂದು, ಪ್ಲಗ್ಗು. ಟಿವಿ, ಮೊಬೈಲ್ ಹಾಕುವ ಚಿಕ್ಕ 6 ಆಂಪಿನ ಸಾಕೆಟ್ಟಿಗೆ ಇದನ್ನು ಸಿಕ್ಕಿಸಲೇಬಾರದು, ಅದು ತಡೆಯುವುದು ಹೆಚ್ಚೆಂದರೆ 1,400 ವ್ಯಾಟ್. ಗೀಸರ್‌ಗೆ ಇರುವಂಥ 16 ಆಂಪಿನ ಪವರ್ ಪ್ಲಗ್ ಬೇಕು. ಎಕ್ಸ್‌ಟೆನ್ಶನ್ ಬಾಕ್ಸ್ ಬೇಡ. ನಮ್ಮ ಮನೆಯಲ್ಲಿ ಪವರ್ ಪ್ಲಗ್ ಇದ್ದದ್ದು ಫ್ರಿಜ್ ಹಿಂದೆ ಮಾತ್ರ, ಎಲೆಕ್ಟ್ರಿಷಿಯನ್ ಕರೆಸಿ ಬೇರೆ ವೈರ್ ಎಳೆಸಿದ್ದಕ್ಕೆ ಆದ ಖರ್ಚನ್ನು ಮನೆಯವರು ಇವತ್ತಿಗೂ ಏರ್ ಫ್ರೈಯರ್ ಬೆಲೆಗೆ ಸೇರಿಸಿಯೇ ಹೇಳುತ್ತಾರೆ. ಕರೆಂಟ್ ಹೋದಾಗ ಯುಪಿಎಸ್ ಮೇಲೆ ಓಡಿಸೋಣ ಅನ್ನುವುದನ್ನೂ ಮರೆತುಬಿಡಿ.

ಪ್ರಶ್ನೆ: ನಮ್ಮಲ್ಲಿ ನಾನು, ಮಕ್ಕಳು ಮೀನು ತಿನ್ನುತ್ತೇವೆ, ಅಮ್ಮ ಬಿಟ್ಟಿದ್ದಾರೆ. ಒಂದು ಬುಟ್ಟಿ ಮೀನಿಗೆ, ಒಂದು ಅಮ್ಮನಿಗೆ ಅಂತ ಇಟ್ಟರೆ ಆಗುತ್ತಾ? (ಉಡುಪಿಯ ಓದುಗರು)

ಉತ್ತರ: ಯಂತ್ರದ ಮಟ್ಟಿಗೆ ಆಗುತ್ತದೆ. ನಡುವೆ ಗೋಡೆ ಇರುವಂಥದ್ದರಲ್ಲಿ ಒಂದು ಕಡೆಯ ಎಣ್ಣೆ, ಹನಿ ಇನ್ನೊಂದು ಕಡೆಗೆ ಹೋಗುವುದಿಲ್ಲ. ಆದರೆ ಹಿಂದಿನಿಂದ ಬರುವ ಗಾಳಿ ಒಂದೇ ಅಡುಗೆಮನೆಗೆ ಬರುವುದು. ಬಂಗುಡೆಯ ಘಮ ಅಮ್ಮನ ಬೆಂಡೆಕಾಯಿಗೆ ತಟ್ಟದಿದ್ದರೂ ಅಮ್ಮನ ಮೂಗಿಗೆ ತಟ್ಟುತ್ತದೆ. ಅವರನ್ನು ಮೊದಲು ಕೇಳಿಬಿಡಿ, ಕೊಂಡು ತಂದ ಮೇಲೆ ಅಲ್ಲ. ಒಪ್ಪಿದರೆ ಬುಟ್ಟಿಯ ಹಿಡಿಗೆ ಕೆಂಪು ದಾರ ಕಟ್ಟಿ. ನೋಡಲು ಎರಡೂ ಒಂದೇ ಥರ ಇರುತ್ತವೆ, ತೊಳೆದು ಬೋರಲು ಹಾಕಿದ ಮೇಲೆ ಯಾವುದು ಯಾರದು ಅಂತ ಗೊತ್ತಾಗುವುದಿಲ್ಲ.

ಮೀನು ಮಾತ್ರ ಚೆನ್ನಾಗಿ ಆಗುತ್ತದೆ ಇದರಲ್ಲಿ. ಮಸಾಲೆ ಗಟ್ಟಿ ಇರಲಿ, ಮೇಲೆ ರವೆ ಹೊರಳಿಸಿ, ಒಂದು ಚಮಚ ತೆಂಗಿನೆಣ್ಣೆ ಸವರಿ, 190 ಡಿಗ್ರಿಯಲ್ಲಿ 12ರಿಂದ 15 ನಿಮಿಷ, ಮಧ್ಯೆ ಒಮ್ಮೆ ಮಗುಚಿ. ಕಾವಲಿಯ ಮೇಲಿನದ್ದು ಬೇರೆ, ಒಪ್ಪುತ್ತೇನೆ.

ಪ್ರಶ್ನೆ: ಮಗಳು ಅಮೆರಿಕದಲ್ಲಿದ್ದಾಳೆ. ಅಲ್ಲಿ ಅಗ್ಗಕ್ಕೆ ಸಿಗುತ್ತೆ, ಬರುವಾಗ ತರ್ತೀನಿ ಅಂತಾಳೆ. (ಶಿವಮೊಗ್ಗದ ಓದುಗರು)

ಉತ್ತರ: ಬೇಡ ಅನ್ನಿ. ಅಲ್ಲಿನ ಕರೆಂಟ್ 120 ವೋಲ್ಟ್, ನಮ್ಮದು 230. ಅಲ್ಲಿಯದನ್ನು ಇಲ್ಲಿ ಹಾಗೇ ಸಿಕ್ಕಿಸಿದರೆ ಕಾಯಿಲ್ ಎಳೆಯಬೇಕಾದ್ದಕ್ಕಿಂತ ಹೆಚ್ಚುಕಡಿಮೆ ನಾಲ್ಕು ಪಟ್ಟು ಎಳೆದು ಸುಟ್ಟುಹೋಗುತ್ತದೆ. ಟ್ರಾನ್ಸ್‌ಫಾರ್ಮರ್ ಇಡಬಹುದು, ಆದರೆ ಇಷ್ಟು ವ್ಯಾಟ್ ತಡೆಯುವ ಟ್ರಾನ್ಸ್‌ಫಾರ್ಮರ್ ಅಂದರೆ ಅದೇ ಒಂದು ಕಲ್ಲುಗುಂಡು. ಮಗಳು ಬರುವಾಗ ಲಗೇಜಿನಲ್ಲಿ ಬೇರೆ ಏನಾದರೂ ತರಲಿ.

ಪ್ರಶ್ನೆ: ಬುಟ್ಟಿಯ ಕಪ್ಪು ಕೋಟಿಂಗ್ ಆರು ತಿಂಗಳಿಗೇ ಎದ್ದು ಬರುತ್ತಿದೆ. ನಮ್ಮ ತಪ್ಪಾ, ಕಂಪನಿ ತಪ್ಪಾ? (ಬೆಂಗಳೂರಿನ ಓದುಗರು)

ಉತ್ತರ: ಕೆಲಸದವರು ಸ್ಟೀಲ್ ನಾರಿನಿಂದ ಉಜ್ಜಿದ್ದಾರಾ ಮೊದಲು ನೋಡಿ. ನಮ್ಮ ಮನೆಯಲ್ಲಿ ಅದೇ ಆಗಿತ್ತು, ಅವರಿಗೆ ಹೇಳದೇ ಇದ್ದದ್ದು ನಾನು. ಸ್ಟೀಲ್ ಚಮಚ, ಫೋರ್ಕ್ ತಾಗಿಸುವುದು, ಬಿಸಿ ಇರುವಾಗಲೇ ತಣ್ಣೀರಿಗೆ ಹಿಡಿಯುವುದು, ಡಬ್ಬಿಯಿಂದ ಸಿಂಪಡಿಸುವ ಅಡುಗೆ ಸ್ಪ್ರೇ, ಎಲ್ಲವೂ ಕೋಟಿಂಗಿಗೆ ಶತ್ರು. ಎಣ್ಣೆಯನ್ನು ಬ್ರಶ್‌ನಲ್ಲಿ ಸವರಿ, ತಣ್ಣಗಾದ ಮೇಲೆ ಬಿಸಿನೀರು ಸೋಪು ಹಾಕಿ ಹತ್ತು ನಿಮಿಷ ನೆನೆಯಲು ಬಿಡಿ, ಮೆತ್ತನೆ ಸ್ಪಂಜು ಸಾಕು. ಇದ್ಯಾವುದೂ ಮಾಡದೆಯೂ ಎದ್ದಿದ್ದರೆ ಬಿಲ್ಲು ಹಿಡಿದುಕೊಂಡು ಹೋಗಿ ಕೇಳಿ, ವಾರಂಟಿ ಇರುತ್ತದೆ. ಏನೇ ಆದರೂ ಚಕ್ಕೆ ಏಳುತ್ತಿರುವ ಬುಟ್ಟಿಯಲ್ಲಿ ಅಡುಗೆ ಮಾಡಬೇಡಿ. ಕೊಳ್ಳುವ ಮೊದಲೇ ಬುಟ್ಟಿ ಬಿಡಿಯಾಗಿ ಸಿಗುತ್ತದಾ ಅಂತ ವಿಚಾರಿಸುವುದು ಒಳ್ಳೆಯದು, ಇದು ಉಳಿದವರಿಗೆ.

ಪ್ರಶ್ನೆ: ಹಪ್ಪಳ? (ಧಾರವಾಡದಿಂದ, ಇಷ್ಟೇ ಬರೆದಿದ್ದಾರೆ)

ಉತ್ತರ: ಹಾರುತ್ತದೆ. ಹಗುರ ಇರುವುದರಿಂದ ಫ್ಯಾನಿನ ಗಾಳಿಗೆ ಎದ್ದು ಕಾಯಿಲ್‌ಗೆ ತಗುಲಿ ಸುಟ್ಟ ವಾಸನೆ ಬರುತ್ತದೆ. ಕರಿಬೇವಿನದೂ ಇದೇ ಪಾಡು. ಎರಡೂ ಬದಿಗೆ ಎಣ್ಣೆ ಸವರಿ, ಮೇಲೆ ಸ್ಟೀಲಿನ ಜಾಲರಿ ಸ್ಟ್ಯಾಂಡ್ ಬೋರಲು ಹಾಕಿದರೆ ನಿಲ್ಲುತ್ತದೆ, ಎರಡು ಮೂರು ನಿಮಿಷಕ್ಕೆ ಆಗುತ್ತದೆ. ಆದರೆ ಒಂದು ಬುಟ್ಟಿಗೆ ಒಂದೇ ಹಪ್ಪಳ. ಎರಡು ಬುಟ್ಟಿಗೆ ಎರಡು.