ಮಾಸ್ಟರ್ ಡೇಟಾ ಮತ್ತು ಡೇಟಾ ಗವರ್ನೆನ್ಸ್: ಯಾವುದು ಮೊದಲು?

ಪ್ರಶ್ನೆ: ನಮ್ಮ ಸಂಸ್ಥೆಯಲ್ಲಿ ಒಬ್ಬನೇ ಗ್ರಾಹಕನ ವಿವರ ಮಾರಾಟ, ಲೆಕ್ಕಪತ್ರ ಹಾಗೂ ಸೇವಾ ವಿಭಾಗಗಳ ತಂತ್ರಾಂಶಗಳಲ್ಲಿ ಬೇರೆ ಬೇರೆಯಾಗಿ ದಾಖಲಾಗಿದೆ. ಇದಕ್ಕೆ ಮಾಸ್ಟರ್ ಡೇಟಾ ಮ್ಯಾನೇಜ್‌ಮೆಂಟ್ ತಂತ್ರಾಂಶ ಬೇಕೆಂದು ಐಟಿ ವಿಭಾಗದವರೂ, ಮೊದಲು ಡೇಟಾ ಗವರ್ನೆನ್ಸ್ ಸಮಿತಿ ರಚಿಸಬೇಕೆಂದು ಹಿರಿಯ ಅಧಿಕಾರಿಗಳೂ ಹೇಳುತ್ತಿದ್ದಾರೆ. ಇವೆರಡಕ್ಕೂ ಇರುವ ಸಂಬಂಧವೇನು? ಯಾವುದು ಮೊದಲಾಗಬೇಕು?

ಉತ್ತರ: ಗ್ರಾಹಕ, ಸರಕು, ಪೂರೈಕೆದಾರ, ನೌಕರ, ಶಾಖೆ ಮುಂತಾದವುಗಳ ಮೂಲ ವಿವರಗಳನ್ನು ಹಲವು ವಿಭಾಗಗಳು ಹಂಚಿಕೊಂಡು ಬಳಸುತ್ತವೆ. ಒಂದು ಬಿಲ್ಲಿನ ಕೆಲಸ ಹಣ ಪಾವತಿಯಾದೊಡನೆ ಮುಗಿಯುತ್ತದೆ. ಆದರೆ ಅದರಲ್ಲಿರುವ ಗ್ರಾಹಕನ ದಾಖಲೆ ವರ್ಷಗಟ್ಟಲೆ ಉಳಿದು ಮುಂದಿನ ಬಿಲ್ಲುಗಳಿಗೂ ಆಧಾರವಾಗುತ್ತದೆ. ಇದೇ ಮಾಸ್ಟರ್ ಡೇಟಾ. ಚದುರಿದ ದಾಖಲೆಗಳನ್ನು ಹೋಲಿಸಿ, ಒಬ್ಬನವೇ ಆದವನ್ನು ಕೂಡಿಸಿ, ಗೋಲ್ಡನ್ ರೆಕಾರ್ಡ್ ಎಂದು ಕರೆಯಲಾಗುವ ಒಂದೇ ನಂಬಲರ್ಹ ದಾಖಲೆಯನ್ನು ಸಿದ್ಧಪಡಿಸಿ ಎಲ್ಲ ತಂತ್ರಾಂಶಗಳಿಗೆ ತಲುಪಿಸುವುದು ಮಾಸ್ಟರ್ ಡೇಟಾ ನಿರ್ವಹಣೆಯ ಕೆಲಸ. ಆ ದಾಖಲೆಯ ಬಗ್ಗೆ ತೀರ್ಮಾನಿಸುವ ಅಧಿಕಾರ ಯಾರದು, ಯಾವ ನಿಯಮದಂತೆ ತೀರ್ಮಾನಿಸಬೇಕು, ತಪ್ಪಾದರೆ ಉತ್ತರ ಹೇಳಬೇಕಾದವರು ಯಾರು ಎಂಬುದನ್ನು ನಿಗದಿಪಡಿಸುವುದು ಡೇಟಾ ಗವರ್ನೆನ್ಸ್. ಎರಡನೆಯದರ ವ್ಯಾಪ್ತಿ ಹಿರಿದು. ದತ್ತಾಂಶದ ಸುರಕ್ಷತೆ, ಗುಣಮಟ್ಟ, ಉಳಿಸಿಕೊಳ್ಳುವ ಅವಧಿ ಎಲ್ಲವೂ ಅದರೊಳಗೆ ಬರುತ್ತವೆ.

ವ್ಯಾಖ್ಯೆಯಲ್ಲಿ ಎರಡೂ ಬೇರೆ ಬೇರೆಯಾಗಿ ಕಂಡರೂ ಕೆಲಸಕ್ಕೆ ಇಳಿದ ಮೇಲೆ ಬಿಡಿಸಿ ನೋಡುವುದು ಕಷ್ಟ. ಎರಡು ದಾಖಲೆಗಳು ಒಬ್ಬನವೇ ಎಂದು ತಿಳಿಯಲು ತಂತ್ರಾಂಶವು ಹೆಸರು, ವಿಳಾಸ, ಜನ್ಮದಿನಾಂಕಗಳನ್ನು ಹೋಲಿಸಿ ಅಂಕ ಕೊಡುತ್ತದೆ. ನೂರಕ್ಕೆ 95 ಬಂದರೆ ತಾನೇ ಕೂಡಿಸಬೇಕೆಂದೂ, 80ರಿಂದ 95ರ ನಡುವಿದ್ದರೆ ಒಬ್ಬ ಸಿಬ್ಬಂದಿಯ ಪರಿಶೀಲನೆಗೆ ಕಳುಹಿಸಬೇಕೆಂದೂ ಇಟ್ಟುಕೊಳ್ಳೋಣ. ಆ 95 ಎಂಬ ಗಡಿಯನ್ನು ಗೊತ್ತುಮಾಡುವವರು ಯಾರು? ಜಾಹೀರಾತು ಪತ್ರ ಕಳುಹಿಸುವ ವಿಭಾಗದಲ್ಲಿ ದಾಖಲೆಗಳು ಕೂಡದೆ ಉಳಿದರೆ ಒಬ್ಬನಿಗೆ ಎರಡು ಪತ್ರ ಹೋದಾವು, ಅಷ್ಟೆ. ಆಸ್ಪತ್ರೆಯಲ್ಲಿ ಇಬ್ಬರು ರೋಗಿಗಳ ದಾಖಲೆ ತಪ್ಪಾಗಿ ಕೂಡಿಹೋದರೆ ಒಬ್ಬರ ಔಷಧ ಅಲರ್ಜಿ ಇನ್ನೊಬ್ಬರ ಕಡತ ಸೇರುತ್ತದೆ. ಹಾಗಾಗಿ ಗಡಿ ಗೊತ್ತುಮಾಡಬೇಕಾದವರು ನಷ್ಟದ ಹೊಣೆ ಹೊರುವವರು. ಅವರು ಹೇಳದಿದ್ದರೆ ತಂತ್ರಾಂಶದೊಡನೆ ಬಂದ ಸಂಖ್ಯೆಯೇ ಸಂಸ್ಥೆಯ ನೀತಿಯಾಗಿಬಿಡುತ್ತದೆ, ಯಾರ ಸಹಿಯೂ ಇಲ್ಲದೆ.

ಕೂಡಿಸಿದ ಮೇಲೂ ತೊಡಕು ಮುಗಿಯುವುದಿಲ್ಲ. ಮೂರು ದಾಖಲೆಗಳಲ್ಲಿ ಮೂರು ದೂರವಾಣಿ ಸಂಖ್ಯೆಗಳಿದ್ದರೆ ಯಾವುದನ್ನು ಉಳಿಸಿಕೊಳ್ಳಬೇಕು? ತೀರಾ ಇತ್ತೀಚಿನದು ಎಂಬ ನಿಯಮ ನ್ಯಾಯವಾಗಿ ಕಾಣುತ್ತದೆ. ಆದರೆ ಸೇವಾ ವಿಭಾಗದ ಸಿಬ್ಬಂದಿಯೊಬ್ಬರು ಆ ಜಾಗ ಖಾಲಿ ಬಿಟ್ಟರೆ ಪರದೆ ಮುಂದಕ್ಕೆ ಹೋಗುವುದಿಲ್ಲವೆಂದು ನಿನ್ನೆಯಷ್ಟೇ 9999999999 ಎಂದು ಒತ್ತಿದ್ದರೆ, ಲೆಕ್ಕಪತ್ರ ವಿಭಾಗದವರು ಕರೆ ಮಾಡಿ ಖಚಿತಪಡಿಸಿಕೊಂಡಿದ್ದ ಸಂಖ್ಯೆಯನ್ನು ಅದೇ ನಿಯಮ ಅಳಿಸಿಹಾಕುತ್ತದೆ. ಬಿಲ್ಲಿನ ವಿಳಾಸಕ್ಕೆ ಯಾವ ವಿಭಾಗದ ಮಾತು ಅಂತಿಮ, ದೂರವಾಣಿಗೆ ಯಾವುದು ಎಂದು ವಿಭಾಗಗಳ ಮುಖ್ಯಸ್ಥರು ಒಂದೆಡೆ ಕುಳಿತು ಒಪ್ಪಬೇಕಾಗುತ್ತದೆ, ಮತ್ತು ಈ ಒಪ್ಪಂದ ಸುಲಭವಾಗಿ ಆಗುವುದಿಲ್ಲ.

ಇದನ್ನು ಕೇಳಿದರೆ ಹಿರಿಯ ಅಧಿಕಾರಿಗಳದೇ ಸರಿ ಎನ್ನಿಸಬಹುದು. ಹಾಗೂ ಅಲ್ಲ. 2018ರ ಮೇ 25ರಿಂದ ಅನ್ವಯವಾದ ಯುರೋಪಿಯನ್ ಒಕ್ಕೂಟದ ವೈಯಕ್ತಿಕ ಮಾಹಿತಿ ರಕ್ಷಣಾ ಕಾನೂನಾದ ಜಿಡಿಪಿಆರ್ ನಿಯಮದ 17ನೇ ವಿಧಿಯು, ಕೆಲವು ಷರತ್ತುಗಳಿಗೆ ಒಳಪಟ್ಟು, ತನ್ನ ಮಾಹಿತಿಯನ್ನು ಅಳಿಸುವಂತೆ ಕೇಳುವ ಹಕ್ಕನ್ನು ವ್ಯಕ್ತಿಗೆ ಕೊಡುತ್ತದೆ. ಅದಕ್ಕೆ ತಕ್ಕ ನೀತಿಯನ್ನು ಸಮಿತಿ ಎಷ್ಟೇ ಸೊಗಸಾಗಿ ಬರೆದಿಟ್ಟಿದ್ದರೂ, ಮೂರು ತಂತ್ರಾಂಶಗಳಲ್ಲಿರುವ ದಾಖಲೆಗಳು ಒಬ್ಬನವೇ ಎಂದು ಗೊತ್ತಿಲ್ಲದ ಸಂಸ್ಥೆ ಒಂದನ್ನು ಅಳಿಸಿ ಎರಡನ್ನು ಉಳಿಸಿಕೊಳ್ಳುತ್ತದೆ.

ಆದ್ದರಿಂದ ಎರಡನ್ನೂ ಒಟ್ಟಿಗೇ, ಆದರೆ ಚಿಕ್ಕದಾಗಿ ಆರಂಭಿಸಿ ಎಂಬುದು ನನ್ನ ಸಲಹೆ. ಗ್ರಾಹಕರ ದಾಖಲೆಯನ್ನಷ್ಟೇ ಕೈಗೆತ್ತಿಕೊಂಡು, ಅದನ್ನು ಕೂಡಿಸುವಾಗ ಏಳುವ ಪ್ರಶ್ನೆಗಳನ್ನೇ ಸಮಿತಿಯ ಮೊದಲ ಸಭೆಯ ಮುಂದಿಡಿ. ಕಾರ್ಯಸೂಚಿಯೇ ಇಲ್ಲದ ಗವರ್ನೆನ್ಸ್ ಸಮಿತಿಗಳಿಗೆ ಜನ ಬರುವುದನ್ನು ಬೇಗನೆ ನಿಲ್ಲಿಸುತ್ತಾರೆ.

ಪ್ರಶ್ನೆ: ಇವೆರಡೂ ಜೊತೆಯಾಗಿ ನಡೆಯುತ್ತಿರುವುದಕ್ಕೆ ದೊಡ್ಡ ಪ್ರಮಾಣದ ಉದಾಹರಣೆ ಇದೆಯೇ?

ಉತ್ತರ: ಇದೆ. 2008ರ ಸೆಪ್ಟೆಂಬರಿನಲ್ಲಿ ಅಮೆರಿಕದ ಹೂಡಿಕೆ ಬ್ಯಾಂಕ್ ಲೆಹ್ಮನ್ ಬ್ರದರ್ಸ್ ಕುಸಿದಾಗ, ಅದರ ಸಮೂಹದ ಯಾವ ಕಂಪನಿಯಿಂದ ಯಾರಿಗೆ ಎಷ್ಟು ಬರಬೇಕೆಂಬುದನ್ನು ಬೇಗನೆ ಲೆಕ್ಕಹಾಕುವುದು ಕಷ್ಟವಾಯಿತು. ಒಂದೇ ಕಂಪನಿ ಬೇರೆ ಬೇರೆ ಕಡೆ ಬೇರೆ ಬೇರೆ ಹೆಸರು, ಸಂಕೇತಗಳಲ್ಲಿ ದಾಖಲಾಗಿದ್ದುದು ಅದಕ್ಕೊಂದು ಕಾರಣ. ಆ ಬಿಕ್ಕಟ್ಟಿನ ಬಳಿಕ ಬಂದದ್ದು ಐಎಸ್‌ಒ 17442 ಮಾನಕದಂತೆ 20 ಅಕ್ಷರ-ಅಂಕಿಗಳಿಂದಾಗುವ ಎಲ್‌ಇಐ (ಲೀಗಲ್ ಎಂಟಿಟಿ ಐಡೆಂಟಿಫೈಯರ್) ಎಂಬ, ಪ್ರತಿ ಕಂಪನಿಗೂ ಒಂದೇ ಆಗಿರುವ ಗುರುತು. ಆದರೆ ಸಂಕೇತ ಕೊಟ್ಟಷ್ಟಕ್ಕೇ ಕೆಲಸ ಮುಗಿಯಲಿಲ್ಲ. ನಿಯಂತ್ರಕರ ಮೇಲ್ವಿಚಾರಣಾ ಸಮಿತಿ ರಚನೆಯಾಯಿತು. 2014ರಲ್ಲಿ ಈ ಗುರುತಿನ ವ್ಯವಸ್ಥೆಯನ್ನು ನೋಡಿಕೊಳ್ಳಲು ಗ್ಲೈಫ್ ಎಂಬ ಪ್ರತಿಷ್ಠಾನ ಸ್ಥಾಪನೆಯಾಯಿತು. ವರ್ಷಕ್ಕೊಮ್ಮೆ ನವೀಕರಿಸದ ದಾಖಲೆಯ ಮುಂದೆ ಅವಧಿ ಮೀರಿದೆ ಎಂಬ ಸೂಚನೆ ಬೀಳುತ್ತದೆ, ಮತ್ತು ತಪ್ಪು ಕಂಡವರು ಯಾರೇ ಆಗಲಿ ಅದನ್ನು ಪ್ರಶ್ನಿಸಬಹುದು.

ಬ್ಯಾಂಕುಗಳ ಅಪಾಯ ಸಂಬಂಧಿ ದತ್ತಾಂಶದ ಬಗ್ಗೆ ಬ್ಯಾಂಕ್ ಮೇಲ್ವಿಚಾರಣೆಯ ಅಂತರರಾಷ್ಟ್ರೀಯ ವೇದಿಕೆಯಾದ ಬಾಸೆಲ್ ಸಮಿತಿಯು 2013ರ ಜನವರಿಯಲ್ಲಿ ಪ್ರಕಟಿಸಿದ ತತ್ವಗಳಲ್ಲೂ ಮೊದಲನೆಯದು ಗವರ್ನೆನ್ಸ್. ಗ್ರಾಹಕರಿಗೂ ಖಾತೆಗಳಿಗೂ ಏಕರೂಪದ ಗುರುತು ಇಲ್ಲವೇ ಹೆಸರಿಡುವ ಕ್ರಮ ಇರಬೇಕೆಂಬ ಮಾತು ಎರಡನೆಯ ತತ್ವದಡಿಯಲ್ಲಿ ಬರುತ್ತದೆ.

ಪ್ರಶ್ನೆ: ಅನುಮಾನಾಸ್ಪದ ದಾಖಲೆಗಳನ್ನು ಪರಿಶೀಲಿಸುವ ಸಿಬ್ಬಂದಿ, ಅಂದರೆ ಡೇಟಾ ಸ್ಟೀವರ್ಡ್, ಐಟಿ ವಿಭಾಗದವರೇ ಆಗಿರಬೇಕೇ?

ಉತ್ತರ: ಬೇಕಿಲ್ಲ, ಆಗದಿರುವುದೇ ಮೇಲು. ಅನುಮಾನಾಸ್ಪದ ದಾಖಲೆಗಳೆರಡೂ ಒಬ್ಬನವೇ ಎಂದು ಹೇಳಬಲ್ಲವರು ಆ ಗ್ರಾಹಕನೊಡನೆ ವ್ಯವಹರಿಸುವ ವಿಭಾಗದವರು. ಆದರೆ ಈ ಕೆಲಸವನ್ನು ಅವರ ಉಳಿದ ಹೊಣೆಗಳ ಮೇಲೆ ಹೇರದೆ, ಅದಕ್ಕೆಂದೇ ವಾರದಲ್ಲಿ ಸಮಯ ಬಿಡಿಸಿಕೊಟ್ಟು ಉದ್ಯೋಗ ವಿವರಣೆಯಲ್ಲಿ ಸೇರಿಸಿರಿ. ಇಲ್ಲವಾದರೆ ಪರಿಶೀಲನೆಗೆ ಬಂದ ಸಾಲು ಬೆಳೆಯುತ್ತಲೇ ಹೋಗಿ, ಕೊನೆಗೆ ಯಾರೋ ಒಬ್ಬರು ಬೇಸತ್ತು ಎಲ್ಲವನ್ನೂ ಒಮ್ಮೆಲೇ ಒಪ್ಪಿಬಿಡುತ್ತಾರೆ.